ಒಂದು ಅಂಕಿ ಬಾಕಿ ಉಳಿದ ಯುದ್ಧ

ನಮ್ಮ ಊರಿನಲ್ಲಿ ಯುದ್ಧ ಇನ್ನೂ ಮುಗಿದಿಲ್ಲ. ಉಳಿದೆಲ್ಲ ಕಡೆ ಅದು ಹತ್ತೊಂಬತ್ತು ವರ್ಷಗಳ ಹಿಂದೆಯೇ ಮುಗಿದು, ಎರಡೂ ದೇಶದವರು ಕೈ ಕುಲುಕಿ, ಒಬ್ಬರಿಗೊಬ್ಬರು ಈರುಳ್ಳಿ ಮಾರಲು ಶುರುಮಾಡಿದ್ದಾರೆ. ನಮ್ಮಲ್ಲಿ ನಿಯಮ ಬೇರೆ. ಊರಿನಿಂದ ಹೋಗಿ ಮರಳಿ ಬಂದ ನಲವತ್ತೊಂದು ಮಂದಿ ಸೈನಿಕರ ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ನೂರೈವತ್ತಕ್ಕೆ ಇಳಿಯುವ ತನಕ ಯುದ್ಧ ಜಾರಿಯಲ್ಲಿರುತ್ತದೆ. ನೂರೈವತ್ತಾದರೆ ಶಾಂತಿ. ನೂರೈವತ್ತೊಂದಾದರೆ ಯುದ್ಧ.

ಹಾಗಾಗಿ ಕಿಟಕಿಗಳಿಗೆ ಈಗಲೂ ಕಂದು ಕಾಗದ ಅಂಟಿಸಿಕೊಂಡಿದ್ದೇವೆ. ಹೊಸ ಮನೆ ಕಟ್ಟಿಸುವವರು ನೆಲದ ಟೈಲ್ಸ್ ಜೊತೆಗೇ ಕಾಗದವನ್ನೂ ಆರಿಸಿ ತರುತ್ತಾರೆ. ಸೇತುವೆಗೆ ಒಬ್ಬ ಕಾವಲುಗಾರನಿದ್ದಾನೆ. ಶತ್ರು ಬಂದರೆ ತಡೆಯುವುದು ಅವನ ಕೆಲಸ. ಈವರೆಗೆ ಎಮ್ಮೆಗಳನ್ನು ತಡೆದಿದ್ದಾನೆ. ದಿನಕ್ಕೊಮ್ಮೆ, ಬೆಳಿಗ್ಗೆ ಆರರಿಂದ ಸಂಜೆ ಆರರೊಳಗೆ, ನೀರಿನ ಟಾಕಿಯ ಮೇಲಿರುವ ಕೈಸೈರನ್ ಮೂರು ನಿಮಿಷ ಕೂಗುತ್ತದೆ. ಕೂಗಿದಾಗ ಎಲ್ಲರೂ ಮನೆಯೊಳಗೆ ಸೇರಬೇಕು. ಎಷ್ಟು ಹೊತ್ತಿಗೆ ಎಂಬುದನ್ನು ಯುದ್ಧ ಸಮಿತಿಯ ಅಧ್ಯಕ್ಷರಾದ ಬಾಳನಗೌಡರು ಪ್ರತಿದಿನ ಮುಂಜಾನೆ ಚೀಟಿ ಎತ್ತಿ ನಿರ್ಧರಿಸಿ, ಸೈರನ್ನಿನ ಹಿಡಿಕೆ ತಿರುಗಿಸುವವನಿಗೆ ಮಾತ್ರ ಗುಟ್ಟಾಗಿ ತಿಳಿಸುತ್ತಾರೆ. ಶತ್ರು ಗಡಿಯಾರ ನೋಡಿಕೊಂಡು ಬರುವುದಿಲ್ಲ ಎಂಬುದು ಅವರ ವಾದ. ಹತ್ತೊಂಬತ್ತು ವರ್ಷಗಳಿಂದ ಅವನು ಕ್ಯಾಲೆಂಡರ್ ನೋಡಿಕೊಂಡೂ ಬಂದಿಲ್ಲ.

ನಾನು ಇಲ್ಲಿನ ಏಕೈಕ ದಿನಪತ್ರಿಕೆಯ ಏಕೈಕ ವರದಿಗಾರ. ಮಂಗಳವಾರ ಸೈನಿಕರ ರಕ್ತಪರೀಕ್ಷೆ ನಡೆಯುತ್ತದೆ. ಬುಧವಾರ ಮುಖಪುಟದ ಬಲ ಮೂಲೆಯಲ್ಲಿ, ಚಿನ್ನದ ದರದ ಕೆಳಗೆ, ಒಂದು ಚೌಕದೊಳಗೆ ಅಂಕಿಗಳನ್ನು ಹಾಕುತ್ತೇನೆ. ಚಿನ್ನದ ದರ ಎರಡು ಸಲ ತಪ್ಪಾಗಿ ಬಂದದ್ದುಂಟು, ತಿದ್ದುಪಡಿ ಪ್ರಕಟಿಸಿದ್ದೇನೆ. ರಕ್ತದ ಅಂಕಿ ಒಮ್ಮೆಯೂ ತಪ್ಪಿಲ್ಲ.

ನಲವತ್ತೊಂದರಲ್ಲಿ ನಲವತ್ತು ಮಂದಿ ಗುಣಮುಖರೆಂದು ಸಮಿತಿಯ ಫಲಕ ಹೇಳುತ್ತದೆ. ನಾನು ವಿಚಾರಿಸಿದ್ದೇನೆ. ಅವರಲ್ಲಿ ಹನ್ನೊಂದು ಮಂದಿ ತೀರಿಕೊಂಡಿದ್ದಾರೆ, ಒಂಬತ್ತು ಮಂದಿ ಹೃದಯಾಘಾತದಿಂದ. ಸತ್ತವರ ಕೊಬ್ಬು ಏರುವುದಿಲ್ಲವಾದ್ದರಿಂದ ಸಮಿತಿಯ ಲೆಕ್ಕದಲ್ಲಿ ಅವರು ಪೂರ್ಣ ಗುಣಮುಖರು. ಬದುಕಿರುವ ಇಪ್ಪತ್ತೊಂಬತ್ತು ಮಂದಿಯಲ್ಲಿ ಹೆಚ್ಚಿನವರು ಸೈರನ್ ಕಿವಿಗೆ ಬೀಳದಂತೆ ಬಾಳುವುದನ್ನು ಕಲಿತರು. ಒಬ್ಬರು ಹಿಟ್ಟಿನ ಗಿರಣಿ ಹಾಕಿ, ಜೋಳ ಇಲ್ಲದಾಗಲೂ ಓಡಿಸುತ್ತಾರೆ. ಕೆಲವರು ಗುಡ್ಡದಾಚೆ ಕುರಿ ಮೇಯಿಸಲು ಹೋದವರು ಮಂಗಳವಾರ ಮಾತ್ರ ಊರಿಗೆ ಬಂದು ತೋಳು ಚಾಚಿ ಹೋಗುತ್ತಾರೆ. ಒಬ್ಬರಿಗೆ ಕಿವಿ ಪೂರ್ತಿ ಕೇಳದಾಯಿತು. ಆ ದಿನ ಅವರ ಮನೆಯಲ್ಲಿ ಹೋಳಿಗೆ ಮಾಡಿದರು.

ಉಳಿದವರು ಹವಾಲ್ದಾರ ಯಮನೂರಪ್ಪ. ಅವರ ಅಂಕಿ ನಾನೂರ ಹತ್ತರ ಆಸುಪಾಸಿನಲ್ಲೇ ಇತ್ತು. ಒಣಕಲು ಮನುಷ್ಯ, ಹೊಟ್ಟೆ ಬೆನ್ನಿಗೆ ಅಂಟಿಕೊಂಡಿದೆ. ಮುಂಜಾನೆಯಿಂದಲೇ ಅಂಗಳದಲ್ಲಿ ಗೋಡೆಗೆ ಬೆನ್ನು ಕೊಟ್ಟು, ಟಾಕಿಯ ದಿಕ್ಕಿಗೆ ಕಿವಿ ಕೊಟ್ಟು ಕೂರುತ್ತಿದ್ದರು. ಕಾಲಲ್ಲಿ ಯಾವಾಗಲೂ ಚಪ್ಪಲಿ. ಊಟಕ್ಕೆ ಕೂತಾಗಲೂ ಬಿಡುತ್ತಿರಲಿಲ್ಲ. ಸೈರನ್ ಕೂಗಿತೋ, ಊರೆಲ್ಲ ಒಳಗೆ ಓಡಿದರೆ ಇವರು ಕೈಗೆ ಸಿಕ್ಕವರನ್ನು ಹೊರಗೆ ಎಳೆಯುತ್ತಿದ್ದರು. ಹೆಂಡತಿ ಶಂಕ್ರವ್ವನನ್ನು ಎಳೆದು, ಪಕ್ಕದ ಮನೆಯ ಮುದುಕಿಯನ್ನು ಹೊತ್ತು ತಂದು, ಬುಟ್ಟಿಯಡಿಯ ಕೋಳಿಗಳನ್ನೂ ಬೀದಿಗೆ ಬಿಡುತ್ತಿದ್ದರು. ಒಮ್ಮೆ ಕ್ಷೌರದಂಗಡಿಯಿಂದ ಸಮಿತಿಯ ಖಜಾಂಚಿಯನ್ನು ಅರ್ಧ ಗಡ್ಡದಲ್ಲೇ ಎಳೆದು ತಂದರು. ಖಜಾಂಚಿ ದೂರು ಕೊಟ್ಟರು. ಸಮಿತಿ ಸಭೆ ಸೇರಿ, ಇದು ಕರಿದ ತಿಂಡಿಯ ಪರಿಣಾಮ ಎಂದು ತೀರ್ಮಾನಿಸಿತು.

ಊರಿಗೆ ಊರೇ ಅವರ ಬಾಯಿಗೆ ಕಾವಲು ನಿಂತಿತು. ಅವರು ಸರ್ಕಲ್ ದಾಟುವಾಗ ಮಿರ್ಚಿ ಭಜಿಯ ಗಾಡಿಯವನು ಸ್ಟೋವ್ ಆರಿಸುತ್ತಿದ್ದ. ಕಿರಾಣಿ ಅಂಗಡಿಯಲ್ಲಿ ಶಂಕ್ರವ್ವನಿಗೆ ಶೇಂಗಾ ಎಣ್ಣೆ ಕೊಡುತ್ತಿರಲಿಲ್ಲ. ಮೂವರು ಹೆಂಗಸರ ಅಡುಗೆಮನೆ ಉಪಸಮಿತಿ ವಾರಕ್ಕೆರಡು ಬಾರಿ ಬಂದು ಒಗ್ಗರಣೆ ಸೌಟು ಮೂಸಿ ನೋಡುತ್ತಿತ್ತು. ಒಣ ರೊಟ್ಟಿ, ಬೇಯಿಸಿದ ಸೊಪ್ಪು, ಜೊತೆಗೆ ಡಾಕ್ಟರು ಬರೆದುಕೊಟ್ಟ ಮಾತ್ರೆ. ಒಂದು ದಿನವೂ ತಪ್ಪಿಸದೆ ತೆಗೆದುಕೊಂಡರು. ನಾಲ್ಕು ವರ್ಷದ ಹಿಂದಿನ ಒಂದು ತಿಂಗಳು ಬಿಟ್ಟರೆ ಅಂಕಿ ಅಲುಗಲಿಲ್ಲ. ಕದ್ದು ತಿನ್ನುತ್ತಾರೆ ಎಂಬುದು ಸರ್ವಾನುಮತದ ಅಭಿಪ್ರಾಯವಾಗಿತ್ತು. ಯುದ್ಧ ಮುಗಿಯದಿರುವುದು ಒಬ್ಬ ಮನುಷ್ಯನ ಬಾಯಿಚಪಲದಿಂದ ಎಂದು ತಿಳಿದಾಗ ಜನರಿಗೆ ಸಿಗುವ ನೆಮ್ಮದಿ ಸಣ್ಣದಲ್ಲ.

ಈ ವರ್ಷ ಗೌಡರಿಗೆ ಎಪ್ಪತ್ತು ತುಂಬಿತು. ಯುದ್ಧ ಮುಗಿಸಿದ ನಾಯಕನ ಪ್ರತಿಮೆಗಾಗಿ ಸರ್ಕಲ್ಲಿನಲ್ಲಿ ಕಟ್ಟೆ ಕಟ್ಟಿಸಿ ಹದಿನಾಲ್ಕು ವರ್ಷವಾಗಿತ್ತು. ಅದರ ಮೇಲೆ ಒಂದು ಕೆಂದ ನಾಯಿ ಮಲಗುತ್ತಿತ್ತು. ಗೌಡರು ನೋಟಿಸು ಹೊರಡಿಸಿದರು. ಇನ್ನು ಎಂಟು ಮಂಗಳವಾರದೊಳಗೆ ಹವಾಲ್ದಾರರ ಕೊಬ್ಬು ನೂರೈವತ್ತಕ್ಕೆ ಇಳಿಯದಿದ್ದರೆ ಅವರ ಹೆಸರನ್ನು ಊರಿನ ಪಟ್ಟಿಯಿಂದ ತೆಗೆದು, ನದಿಯಾಚೆಯ ವಿಶ್ರಾಂತಿ ಶಿಬಿರಕ್ಕೆ ಒಬ್ಬರನ್ನೇ ಕಳುಹಿಸಲಾಗುವುದು. ಆ ಶಿಬಿರ ಇರುವುದು ಫಿರಂಗಿ ಅಭ್ಯಾಸದ ಮೈದಾನಕ್ಕೆ ತಾಗಿಕೊಂಡು. ವಿಶ್ರಾಂತಿಗೆ ಅಲ್ಲಿ ಬೇಕಾದಷ್ಟು ಗಾಳಿ ಬೆಳಕು ಇದೆ ಎಂದು ನೋಟಿಸಿನಲ್ಲಿತ್ತು. ನಾನು ಅದನ್ನು ಇದ್ದಂತೆಯೇ ಪ್ರಕಟಿಸಿದೆ.

ಮರುದಿನ ಶಂಕ್ರವ್ವ ಕಚೇರಿಗೆ ಬಂದರು. ಕೂತುಕೊಳ್ಳಿ ಎಂದರೆ ಕೂರಲಿಲ್ಲ.

"ಏನ್ರೀ ಪೇಪರಿನ ಅಣ್ಣಾರ, ಹತ್ತೊಂಬತ್ತ ವರ್ಷ ನನ್ನ ಗಂಡನ ರಕ್ತ ಮಾರಿದ್ರಿ. ಗಿರಾಕಿ ಚಲೋ ಅದಾರೇನು?"

"ಶಂಕ್ರವ್ವಾರ, ನಾ ಅಂಕಿ ಅಷ್ಟ ಹಾಕ್ತೀನಿ."

"ಅದನ್ನ ಹೇಳಾಕ ಬಂದೀನಿ. ಅಂಕಿ ಅಷ್ಟ ಹಾಕ್ತೀರಿ. ಆ ಮನಶ್ಯಾ ಬಾಗಲಾ ಸಪ್ಪಳಾದ್ರ ತಾಟು ಬಿಟ್ಟು ಏಳ್ತಾನ, ಅದನ್ನ ಯಾವ ಚೌಕದಾಗ ಹಾಕಿದ್ರಿ? ಹಾಕಿದ ಒಂದ ಸುದ್ದಿನೂ ಸುಳ್ಳ."

"ಯಾವ ಸುದ್ದಿ?"

"ನಾಕ ವರ್ಷದ ಹಿಂದ ಒಮ್ಮೆ ಅವರದು ಸರ್ರ್ ಅಂತ ಇಳೀತಲ್ಲ, ಆಗ ಏನ್ ಬರದ್ರಿ? 'ಅಗಸಿ ಹಿಂಡಿಯ ಪವಾಡ.' ಅವ್ರು ಒಂದ ಚೂರೂ ತಿಂದಿಲ್ಲರೀ. ಕೊಬ್ಬು ಇಳೀಲಿ ಅಂತ ಸಮಿತಿಯವ್ರು ಕೊಟ್ಟ ಅಗಸಿ ಚಟ್ನಿಪುಡಿ ಎಲ್ಲಾ ನಾ ಆಕಳಿಗೆ ಹಾಕೀನಿ. ಆಕಳ ಮೈ ಹೊಳ್ಯಾಕತ್ತಿತ್ತು, ಬಂದು ನೋಡಲಿಲ್ಲ ನೀವು."

ಅವರು ಹೋದರು. ನಾನು ಕಣ್ಣೀರಿಗೆ ಕರಗುವ ಪೈಕಿಯಲ್ಲ. ಅಲ್ಲದೆ ಆಕೆ ಅಳಲೂ ಇಲ್ಲ. ಆದರೆ ತಪ್ಪು ಸುದ್ದಿ ಹಾಕಿದ್ದೇನೆ ಎಂದರೆ ನನಗೆ ಅನ್ನ ಸೇರುವುದಿಲ್ಲ. ಹಳೆಯ ಸಂಚಿಕೆಗಳ ಕಟ್ಟು ಬಿಚ್ಚಿದೆ. ಆ ತಿಂಗಳ ಅಂಕಿಗಳು ಹೀಗಿದ್ದವು: ನಾನೂರ ಹದಿನೆಂಟು, ಮುನ್ನೂರ ಮೂವತ್ತಾರು, ಇನ್ನೂರೈವತ್ತೊಂದು, ನೂರ ಎಪ್ಪತ್ತೊಂಬತ್ತು. ಆಮೇಲೆ ಒಮ್ಮೆಲೇ ನಾನೂರ ಎರಡು. ಮೂರನೇ ಪುಟದ ಕೆಳಗೆ, ಕಳೆದುಹೋದ ಮೇಕೆಯ ಜಾಹೀರಾತಿನ ಪಕ್ಕದಲ್ಲಿ, ನಾನೇ ಬರೆದ ಎರಡು ಸಾಲಿನ ಸುದ್ದಿಯಿತ್ತು. ಸೈರನ್ನಿನ ಹಲ್ಲಿನ ಚಕ್ರ ಮುರಿದಿದ್ದು, ಬೇರೆ ಚಕ್ರ ಬರುವ ತನಕ ಕೂಗುವುದಿಲ್ಲ. ಅದು ಕೂಗದೆ ಇದ್ದದ್ದು ಇಪ್ಪತ್ತಮೂರು ದಿನ. ಅಂಕಿ ಇಳಿದ ಮೂರೂ ಮಂಗಳವಾರ ಆ ಇಪ್ಪತ್ತಮೂರು ದಿನದೊಳಗೇ ಬಂದಿದ್ದವು. ಎರಡೂ ಸುದ್ದಿ ನನ್ನವೇ. ಒಂದರ ಪಕ್ಕ ಒಂದನ್ನಿಟ್ಟು ನೋಡಿರಲಿಲ್ಲ.

ರಕ್ತ ಪರೀಕ್ಷಿಸುವ ಜೈತುನಬಿಯವರ ಬಳಿ ಹೋಗಿ ಅವರ ದಾಖಲೆಯೊಂದಿಗೆ ತಾಳೆ ನೋಡಿದೆ. ಸರಿಯಿತ್ತು. "ಅಂಜಿಕಿ ಒಳಗ ಕುಂತ್ರ ಕೊಬ್ಬು ಏರತೈತಿ ಅಂತ ನಮ್ಮ ಪುಸ್ತಕದಾಗೂ ಐತ್ರಿ," ಎಂದರು ಆಕೆ. "ಗೌಡ್ರಿಗೆ ಎರಡ ಸಲ ಹೇಳೀನಿ. 'ನೀ ರಕ್ತ ತಗೀವಾ, ತಲಿ ಓಡಸಬ್ಯಾಡ' ಅಂದ್ರು."

ಗೌಡರು ನನ್ನ ಮಾತನ್ನು ತಾಳ್ಮೆಯಿಂದ ಕೇಳಿದರು.

"ಕೊಬ್ಬು ಬಾಯಿಲೆ ಹೋಗತೈತೋ, ಕಿವಿಲೆ ಹೋಗತೈತೋ?" ಎಂದು ಕೇಳಿದರು.

"ಸೈರನ್ ನಿಂತ್ರ ಅವರದು ಇಳೀತದರಿ ಗೌಡ್ರ. ಅಂಕಿ ಇಲ್ಲೇ ಅದಾವ ನೋಡ್ರಿ."

"ಯುದ್ಧ ಮುಗದ್ರ ಸೈರನ್ ನಿಲ್ಲತೈತಿ."

"ಯುದ್ಧ ಮುಗೀಬೇಕಂದ್ರ ಅವರ ಕೊಬ್ಬು ಇಳೀಬೇಕಲ್ರೀ."

"ಹಾಂ, ನಾ ಹೇಳೂದೂ ಅದ. ಇಳಸಂತ ಹೇಳು ಅವಗ."

ಗೌಡರ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟ, ಅದು ಎಲ್ಲಿಂದ ಹೊರಟಿತ್ತೋ ಅಲ್ಲಿಗೇ ಬಂದು ಸೇರುತ್ತದೆ. ಚಹಾ ಕುಡಿಸಿ ಕಳುಹಿಸಿದರು.

ಹಿಂತಿರುಗುವಾಗ ಟಾಕಿಯ ಕೆಳಗೆ ದುಂಡಪ್ಪ ಸಿಕ್ಕರು. ಅವರೂ ನಲವತ್ತೊಂದರಲ್ಲಿ ಒಬ್ಬರು, ಹನ್ನೆರಡು ವರ್ಷದಿಂದ ಸೈರನ್ನಿನ ಹಿಡಿಕೆ ತಿರುಗಿಸುವವರು. ಮರಳಿ ಬಂದ ಸೈನಿಕನೇ ಆ ಕೆಲಸ ಮಾಡಬೇಕೆಂಬುದು ನಿಯಮ. ಅವರನ್ನು ನೋಡಿದಾಗ ನನಗೆ ಹೊಳೆಯಿತು: ಇಡೀ ಊರಿನಲ್ಲಿ ಸೈರನ್ನಿಗೆ ಅತಿ ಹತ್ತಿರ ಇರುವ ಕಿವಿ ಇವರದು. ಅಂಕಿ ನೂರ ಇಪ್ಪತ್ತು.

"ನಂದೂ ಮೊದಲ ಐನೂರಾ ಹತ್ತ ಇತ್ತಲ್ರೀ," ಎಂದರು ದುಂಡಪ್ಪ.

"ಐನೂರ ಹನ್ನೆರಡು."

"ನಿಮ್ಮ ನೆನಪಿಗಿಷ್ಟು! ಹಿಡಿಕಿ ಕೈಗೆ ಬಂದ ಮ್ಯಾಲ ಇಳೀತ್ರಿ. ಮಂದಿ ನಾಯಿ ಹಿಂದಿಂದ ಬೊಗಳಿದ್ರ ಎದಿ ಧಸಕ್ ಅಂತೈತಿ. ನಮ್ಮನಿ ನಾಯಿ ಆದ್ರ ಹಚಾ ಅಂದು ಸುಮ್ಮ ಆಗ್ತೀವಿ. ಇದು ನಮ್ಮನಿ ನಾಯಿ ಆತು. ನಾ ಬೊಗಳಸಿದ್ರ ಬೊಗಳತೈತಿ, ಇಲ್ಲಾಂದ್ರ ಇಲ್ಲ."

"ಇಷ್ಟ ವರ್ಷ ಯಾಕ ಯಾರಿಗೂ ಹೇಳಲಿಲ್ಲ?"

"ಯಾರ ಕೇಳ್ಯಾರ? ನೀವು ಬರೇ ಎಷ್ಟು ಅಂತ ಕೇಳತಿದ್ರಿ." ಸ್ವಲ್ಪ ಹೊತ್ತು ತಮ್ಮ ರಟ್ಟೆ ಒತ್ತಿಕೊಂಡರು. "ನನ್ನ ರಟ್ಟಿ ಹೋಗ್ಯಾವ್ರಿ. ಹಿಡಿಕಿ ಯಮನೂರಗ ಕೊಡ್ರಿ. ಅವ ಮ್ಯಾಲ ಹತ್ತೂದು ನಂಗ ಕಂಡ್ರ ಸಾಕು, ಕೂಗೂದು ಗೊತ್ತಾಗತೈತಿ."

ನಾನು ಮತ್ತೆ ಗೌಡರ ಬಳಿ ಹೋದೆ. ಈ ಬಾರಿ ಸೈರನ್ನಿನ ಸದ್ದಿನ ಬಗ್ಗೆ ತುಟಿ ಬಿಚ್ಚಲಿಲ್ಲ. ಹಿಡಿಕೆಯನ್ನು ಮೂರು ನಿಮಿಷ ತಿರುಗಿಸಲು ಎಷ್ಟು ಬಲ ಬೇಕು, ಟಾಕಿಗೆ ಎಷ್ಟು ಮೆಟ್ಟಿಲಿವೆ, ಹತ್ತಿ ಇಳಿದರೆ ಎಷ್ಟು ಬೆವರು ಬರುತ್ತದೆ ಎಂದಷ್ಟೇ ಹೇಳಿದೆ. ಮೆಟ್ಟಿಲು ತೊಂಬತ್ತಾರು, ಎಣಿಸಿಯೇ ಹೇಳಿದ್ದು. ಗೌಡರ ಕಣ್ಣರಳಿತು.

"ವ್ಯಾಯಾಮ!" ಎಂದರು. "ತಿಂದದ್ದು ಕರಗಬೇಕಲ್ಲ! ಇದು ನನಗ ಯಾಕ ಹೊಳೀಲಿಲ್ಲ?"

ಅದು ತಮಗೇ ಹೊಳೆಯಿತೆಂದು ಸಂಜೆಯ ಸಭೆಯಲ್ಲಿ ಹೇಳಿದರು. ಯಮನೂರಪ್ಪನವರ ನೇಮಕಾತಿ ಚಪ್ಪಾಳೆಯೊಂದಿಗೆ ಮಂಜೂರಾಯಿತು. ನಿಯಮಾವಳಿಯ ಹದಿನೇಳನೇ ಕಲಮನ್ನು ಯಾರೂ ನೆನಪಿಸಿಕೊಳ್ಳಲಿಲ್ಲ, ನಾನೂ ನೆನಪಿಸಲಿಲ್ಲ. ಸೈರನ್ ತಿರುಗಿಸುವವನನ್ನು ಯುದ್ಧ ನಡೆದಿರುವಷ್ಟು ಕಾಲ ಊರಿನಿಂದ ಹೊರಗೆ ಕಳುಹಿಸುವಂತಿಲ್ಲ.

ಮೊದಲ ದಿನ ಅವರು ಹಿಡಿಕೆಯನ್ನು ತಡೆದು ತಡೆದು ತಿರುಗಿಸಿದ್ದರಿಂದ ಸೈರನ್ ಕೆಮ್ಮಿದಂತೆ ಕೂಗಿತು. ಎರಡನೇ ವಾರದಿಂದ ಸ್ವರ ಸರಿಹೋಯಿತು. ಮೂರನೇ ವಾರ ಅವರು ಒಂದು ಹೊಸ ಪದ್ಧತಿ ಶುರುಮಾಡಿದರು. ಕೂಗುವ ಹದಿನೈದು ನಿಮಿಷ ಮೊದಲು ಟಾಕಿಯ ಕಂಬಿಗೆ ಹಸಿರು ಟವೆಲ್ ಹರವುತ್ತಿದ್ದರು. ಹೊತ್ತನ್ನು ಯಾರಿಗೂ ಹೇಳಬಾರದೆಂದು ನಿಯಮದಲ್ಲಿದೆ. ಟವೆಲ್ ಒಣಹಾಕಬಾರದೆಂದು ಇಲ್ಲ. ಗೌಡರು ಅದನ್ನು ಕಂಡು ಬಹಳ ಬೆವರುತ್ತಾನೆ ಎಂದು ಸಂತೋಷಪಟ್ಟರು. ಊರಿಗೆ ಅದರ ಅರ್ಥ ಎರಡೇ ದಿನದಲ್ಲಿ ತಿಳಿಯಿತು. ಹಾಲು ಒಲೆಯ ಮೇಲಿಟ್ಟವರು ಇಳಿಸಿಕೊಂಡರು. ಬಾಣಂತಿಯರು ಕೂಸಿನ ಕಿವಿಗೆ ಹತ್ತಿ ಇಟ್ಟರು. ಗಿರಣಿಯವರು ಜೋಳ ಇಲ್ಲದಾಗ ಗಿರಣಿ ನಿಲ್ಲಿಸಿದರು. ಅದರ ಪಕ್ಕದ ಮನೆಯವರಿಗೆ ಹದಿನಾರು ವರ್ಷಗಳ ಮೇಲೆ ಒಬ್ಬರ ಮಾತು ಒಬ್ಬರಿಗೆ ಕೇಳಿಸಿ ಜಗಳ ಶುರುವಾಯಿತು.

ಅಂಕಿಗಳು: ಮುನ್ನೂರ ಎಪ್ಪತ್ತೊಂದು, ಮುನ್ನೂರ ಎರಡು, ಇನ್ನೂರ ನಲವತ್ತನಾಲ್ಕು, ನೂರ ತೊಂಬತ್ತು, ನೂರ ಅರವತ್ತಮೂರು. ಒಂದು ದಿನ ತೊಂಬತ್ತಾರು ಮೆಟ್ಟಿಲು ಹತ್ತಿ ಹೋದೆ. ಯಮನೂರಪ್ಪನವರು ಸೈರನ್ನಿನ ಚಕ್ರಕ್ಕೆ ಎಣ್ಣೆ ಬಿಡುತ್ತಿದ್ದರು.

"ಬರ್ರಿ ಸಾಹೇಬ್ರ. ಎಣ್ಣಿ ಚಕ್ರಕ್ಕ ಹಾಕಾಕತ್ತೀನಿ, ನಾ ಕುಡದಿಲ್ಲ ಅಂತ ಬರಕೊಳ್ರಿ."

ನಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಹತ್ತೊಂಬತ್ತು ವರ್ಷದಲ್ಲಿ ಅವರನ್ನು ನಾನು ಕೇಳಿದ್ದು ಒಂದೇ ಪ್ರಶ್ನೆ. ಅವತ್ತು ಎರಡನೆಯದನ್ನು ಕೇಳಿದೆ: ಸೈರನ್ ಕೂಗಿದಾಗ ಜನರನ್ನು ಹೊರಗೆ ಯಾಕೆ ಎಳೆಯುತ್ತಿದ್ದಿರಿ?

ಅವರು ಬಟ್ಟೆಯಲ್ಲಿ ಕೈ ಒರೆಸಿಕೊಂಡರು. "ಯುದ್ಧದಾಗ ಅವತ್ತ ಸೈರನ್ ಹೊತ್ತಿಗೆ ಸರಿಯಾಗೇ ಕೂಗಿತ್ರಿ. ಹೇಳಿದಂಗ ಏಳು ಮಂದಿ ಬಂಕರ್ ಒಳಗ ಹೋದ್ರು. ನನ್ನ ಬೂಟಿನ ಲೇಸ್ ಬಿಚ್ಚಿತ್ತು. ಹೊರಗ ಕುಂತು ಕಟ್ಟಾಕತ್ತಿದ್ದೆ. 'ಲೇ ಯಮನೂರ, ಮದವಿ ಮನಿಗೆ ಹೊಂಟೀಯೇನಲೇ' ಅಂತ ಒಳಗಿಂದ ನಗತಿದ್ರು. ಫಿರಂಗಿ ಗುಂಡು ಬಂಕರ್ ಮ್ಯಾಲೇ ಬಿತ್ತು." ಸೈರನ್ನಿನ ಹಿಡಿಕೆಯನ್ನು ಒಮ್ಮೆ ಮುಟ್ಟಿ ನೋಡಿದರು. "ಲೇಸಿನ ಬೂಟು ಆಮೇಲೆ ಹಾಕಿಲ್ಲರಿ. ಕಟ್ಟಾಕ ಕುಂತ್ರ ಅವರ ನಗಿ ಕೇಳತೈತಿ."

ನಾನು ಬರೆದುಕೊಳ್ಳಲಿಲ್ಲ.

ಅದೇ ವಾರ ಗೌಡರು ನನ್ನನ್ನು ಕರೆಸಿ ಸಮಿತಿಯ ಗೋದಾಮು ತೆರೆದು ತೋರಿಸಿದರು. ಒಳಗೆ ತಾಡಪಾಲಿನ ಕೆಳಗೆ ಶಾಂತಿ ಇತ್ತು: ನಲವತ್ತೊಂದು ದೊಡ್ಡ ಗರ್ನಾಲು ಪಟಾಕಿ, ಸೈನಿಕರಿಗೆ ತಲೆಗೊಂದು, ಸತ್ತವರನ್ನೂ ಸೇರಿಸಿ.

"ನೂರೈವತ್ತ ಆದ ದಿನ ಸರ್ಕಲ್ದಾಗ ಹಾರಸೂದು. ಹವಾಲ್ದಾರನ್ನ ನಟ್ಟನಡುವ ಕುರ್ಚಿ ಹಾಕಿ ಕುಂಡ್ರಸೂದು. ಸೈರನ್ ಗುಜರಿಗೆ. ಹೆಂಗೈತಿ?"

"ಗೌಡ್ರ, ಸಪ್ಪಳ ಇಲ್ಲದ ಮಾಡಿದ್ರ ಆಗೂದಿಲ್ಲೇನ್ರೀ?"

"ಸಪ್ಪಳಿಲ್ಲಂದ್ರ ಶಾಂತಿ ಬಂದದ್ದು ಮಂದಿಗಿ ಹೆಂಗ ಗೊತ್ತಾಗಬೇಕೋ?" ಎಂದರು ಗೌಡರು, ನಿಜವಾದ ಬೆರಗಿನಿಂದ.

ಆರನೇ ಮಂಗಳವಾರ ಜೈತುನಬಿಯವರ ಕೋಣೆಯಲ್ಲಿ ನಾವು ನಾಲ್ವರಿದ್ದೆವು: ಆಕೆ, ನಾನು, ಯಮನೂರಪ್ಪ ದಂಪತಿ. ಯಂತ್ರ ಅಂಕಿ ತೋರಿಸಿತು. ನೂರ ನಲವತ್ತಾರು.

ಕಿಟಕಿಯ ಕಂದು ಕಾಗದದ ಮೂಲೆ ಸುಲಿದು, ಒಂದು ಬೆರಳಷ್ಟು ಬಿಸಿಲು ಮೇಜಿನ ಮೇಲೆ ಬಿದ್ದಿತ್ತು.

"ಗರ್ನಾಲ ಸುದ್ದಿ ನಂಗೂ ಗೊತ್ತೈತ್ರಿ," ಎಂದರು ಯಮನೂರಪ್ಪ. "ಒಂದಕ್ಕ ತಡಕೊಂಡೇನು, ಎರಡಕ್ಕ ತಡಕೊಂಡೇನು. ನಲವತ್ತೊಂದು ಅಂದ್ರ ಮುಂದಿನ ಮಂಗಳವಾರ ನಂದು ಐನೂರು. ಯುದ್ಧ ಮತ್ತ ಶುರು. ಆಗ ಹಿಡಿಕಿ ನನ್ನ ಕೈಯಾಗ ಇರೂದಿಲ್ಲ. ಸೀದಾ ನದಿಯಾಚಿ."

ಶಂಕ್ರವ್ವ ನನ್ನ ಕಡೆ ತಿರುಗಿದರು. ಈ ಸಲ ದನಿಯಲ್ಲಿ ಚುಚ್ಚು ಇರಲಿಲ್ಲ. "ಅಣ್ಣಾರ, ಒಂದ ಅಂಕಿ ಜಾಸ್ತಿ ಇದ್ರ ಸಾಕು. ನೂರೈವತ್ತೊಂದು. ಅವ್ರು ಮನ್ಯಾಗಿರತಾರ."

ನಾನು ಹತ್ತೊಂಬತ್ತು ವರ್ಷದಲ್ಲಿ ಒಂದೂ ತಪ್ಪು ಅಂಕಿ ಹಾಕಿಲ್ಲ ಎಂದೆ. ಅದನ್ನು ಹೇಳಿದಾಗ ನನ್ನ ಕಿವಿಗೇ ಸಣ್ಣ ಮಾತಾಗಿ ಕೇಳಿಸಿತು.

ಜೈತುನಬಿ ಕಪಾಟಿನಿಂದ ಯಂತ್ರದ ಪುಸ್ತಕ ತೆಗೆದು ನನ್ನ ಮುಂದಿಟ್ಟರು. "ಈ ಮಷಿನ್ ಐದು ಅಂಕಿ ಹೆಚ್ಚು ಕಡಿಮಿ ತೋರಸಬಹುದು ಅಂತ ಕಂಪನಿಯವ್ರೇ ಬರದಾರ್ರಿ. ಮೂವತ್ತೆರಡನೇ ಪುಟ."

ಓದಿದೆ. ಹಾಗೇ ಇತ್ತು. ನೂರ ನಲವತ್ತಾರಕ್ಕೆ ಐದು ಸೇರಿಸಿದರೆ ಎಷ್ಟೆಂದು ಕಾಗದದ ಮೇಲೆ ಬರೆದು ಎರಡು ಸಲ ಕೂಡಿ ನೋಡಿದೆ. ಬುಧವಾರದ ಪತ್ರಿಕೆಯಲ್ಲಿ, ಚಿನ್ನದ ದರದ ಕೆಳಗೆ, ನೂರೈವತ್ತೊಂದು ಎಂದು ಬಂತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ತಿದ್ದುಪಡಿಯನ್ನೂ ಹಾಕಿದೆ: ನಾಲ್ಕು ವರ್ಷದ ಹಿಂದೆ ಪ್ರಕಟವಾದ ಅಗಸಿ ಹಿಂಡಿಯ ಪವಾಡವು ಹವಾಲ್ದಾರರಿಗೆ ಸಂಬಂಧಿಸಿದ್ದಲ್ಲ, ಆಕಳಿಗೆ ಸಂಬಂಧಿಸಿದ್ದು; ತಪ್ಪಿಗೆ ವಿಷಾದಿಸುತ್ತೇವೆ.

ಅಂದಿನಿಂದ ಪ್ರತಿ ಮಂಗಳವಾರ ನೂರೈವತ್ತೊಂದು. ಎಂಟನೆಯದು ದಾಟಿದಾಗ ಗೌಡರಿಗೆ ಹದಿನೇಳನೇ ಕಲಮು ತೋರಿಸಿದೆ, ನೋಟಿಸು ಕಡತದಲ್ಲೇ ಉಳಿಯಿತು. ಗೌಡರು ಹಣೆ ಬಡಿದುಕೊಂಡು ಮೆಟ್ಟಿಲುಗಳ ಸಂಖ್ಯೆ ಹೆಚ್ಚಿಸಬಹುದೇ ಎಂದು ಎಂಜಿನಿಯರನ್ನು ಕೇಳಿದ್ದಾರೆ. ಪ್ರತಿಮೆಯ ಕಟ್ಟೆಯ ಮೇಲೆ ಕೆಂದ ನಾಯಿ ಮೂರು ಮರಿ ಹಾಕಿದೆ. ಗರ್ನಾಲುಗಳು ಮಳೆಗಾಲದಲ್ಲಿ ತೇವ ಹಿಡಿದವು. ಯುದ್ಧ ಮುಂದುವರಿದಿದೆ, ಊರು ಇಷ್ಟು ನೆಮ್ಮದಿಯಾಗಿ ಯಾವತ್ತೂ ಇರಲಿಲ್ಲ.

ಮೊನ್ನೆ ಹಸಿರು ಟವೆಲ್ ಹರವಿದ ಮೇಲೆ ನಾನು ಟಾಕಿಯ ಬುಡಕ್ಕೆ ಹೋಗಿದ್ದೆ. ದುಂಡಪ್ಪ ಎಂದಿನಂತೆ ನೆರಳಲ್ಲಿ ಕೂತಿದ್ದರು. ಹದಿನೈದು ನಿಮಿಷ ಕಳೆಯಿತು, ಸೈರನ್ ಕೂಗಲಿಲ್ಲ. ಬೀದಿಯಲ್ಲಿ ಜನ ಹೊಸ್ತಿಲಲ್ಲಿ ನಿಂತು ಟಾಕಿಯ ಕಡೆ ನೋಡುತ್ತಿದ್ದರು. ಮೆಟ್ಟಿಲಿನ ತಿರುವಿನಲ್ಲಿ ಯಮನೂರಪ್ಪನವರು ಕೂತಿರುವುದು ಕಂಡಿತು. ಕಾಲಲ್ಲಿ ಹೊಸ ಕ್ಯಾನ್ವಾಸ್ ಬೂಟು. ತಲೆ ತಗ್ಗಿಸಿ, ಅವಸರವಿಲ್ಲದೆ, ಲೇಸ್ ಕಟ್ಟುತ್ತಿದ್ದರು. ಒಂದು ಕಾಲಿನದು ಮುಗಿಸಿ ಇನ್ನೊಂದಕ್ಕೆ ಕೈ ಹಾಕಿದರು.

"ಲೇ ಯಮನೂರ, ಮದವಿ ಮನಿಗೆ ಹೊಂಟೀಯೇನಲೇ?" ಎಂದು ದುಂಡಪ್ಪ ಕೆಳಗಿನಿಂದ ಕೂಗಿದರು. ಆ ಮಾತಿನ ಹಿಂದಿನ ಕಥೆ ಅವರಿಗೆ ಗೊತ್ತಿತ್ತೋ ಇಲ್ಲವೋ, ನಾನು ವಿಚಾರಿಸಿಲ್ಲ. ಯಮನೂರಪ್ಪನವರ ಕೈ ನಿಂತಿತು.

"ಹೌದಲೇ," ಎಂದರು ಅವರು ಮೇಲಿನಿಂದ. "ತಡಿ, ಗಂಟು ಹಾಕತೀನಿ."

ಅವತ್ತು ಸೈರನ್ ನಾಲ್ಕು ನಿಮಿಷ ತಡವಾಗಿ ಕೂಗಿತು. ಹತ್ತೊಂಬತ್ತು ವರ್ಷದಲ್ಲಿ ಇದೇ ಮೊದಲು. ದೊಡ್ಡ ಸುದ್ದಿ. ನಾನು ಹಾಕಲಿಲ್ಲ.